ಮೆಥನಾಲ್ ಹಡಗು ಹತ್ತುವ ಮುನ್ನ

ಹಡಗಿನಲ್ಲಿ ಕೆಲಸಕ್ಕಿರುವ ಮಗ ಫೋನ್ ಮಾಡಿದರೆ ನಾವು ಕೇಳುವುದು ಎರಡೇ ಪ್ರಶ್ನೆ. ಊಟ ಆಯ್ತಾ? ಊರಿಗೆ ಯಾವಾಗ ಬರ್ತಿ? ಇನ್ನು ಮೂರನೆಯದೊಂದನ್ನೂ ಕೇಳಬೇಕಾಗಿದೆ. ನಿನ್ನ ಹಡಗು ಓಡುವುದು ಯಾವ ಇಂಧನದಲ್ಲಿ?

ಮಂದ ಕಪ್ಪೆಣ್ಣೆಯ ಬದಲು ಮೆಥನಾಲ್ ಸುಡುವ ಹಡಗುಗಳು ಸಮುದ್ರಕ್ಕಿಳಿದಿವೆ. ಸ್ವೀಡನ್-ಜರ್ಮನಿ ನಡುವೆ ಓಡುವ ಸ್ಟೆನಾ ಜರ್ಮನಿಕಾ 2015ರಲ್ಲೇ ಇದಕ್ಕೆ ಬದಲಾಯಿತು. 2023ರಲ್ಲಿ ಮರ್ಸ್ಕ್ ಕಂಪೆನಿಯ ಮೊದಲ ಮೆಥನಾಲ್ ಕಂಟೈನರ್ ಹಡಗು ಕೊರಿಯಾದಿಂದ ಕೋಪನ್‌ಹೇಗನ್‌ಗೆ ಹೊರಟಾಗ ಸಿಂಗಾಪುರದಲ್ಲಿ ಇಂಧನ ತುಂಬಿಕೊಂಡಿತು. ಗಂಧಕದ ಹೊಗೆಯಿಲ್ಲ, ಮಸಿ ಕಡಿಮೆ. ಒಳ್ಳೆಯದೇ. (ಅದನ್ನು ನೈಸರ್ಗಿಕ ಅನಿಲದಿಂದ ತಯಾರಿಸಿದ್ದರೆ ಇಂಗಾಲದ ಲೆಕ್ಕದಲ್ಲಿ ದೊಡ್ಡ ಲಾಭವಿಲ್ಲ ಎಂಬುದು ಬೇರೆ ಮಾತು.)

ನಮ್ಮ ಚಿಂತೆ ಅದನ್ನು ಮುಟ್ಟುವ ಕೈಗಳದ್ದು. 1981ರಲ್ಲಿ ಬೆಂಗಳೂರಿನ ಕಳ್ಳಭಟ್ಟಿ ದುರಂತದಲ್ಲಿ ಮುನ್ನೂರರಷ್ಟು ಜನರನ್ನು ಕೊಂದದ್ದು ಇದೇ ಮೆಥನಾಲ್. ಕುಡಿದರೆ ಮಾತ್ರ ತಾನೇ ಅಂತ ಕೇಳಬಹುದು. ಅಲ್ಲ. ಚರ್ಮದ ಮೂಲಕವೂ ಉಸಿರಿನ ಮೂಲಕವೂ ಅದು ಮೈ ಸೇರುತ್ತದೆ. ಮೊದಲಿಗೆ ಏನೂ ಆಗಿಲ್ಲ ಅನ್ನಿಸುತ್ತದೆ. ಎಷ್ಟೋ ಗಂಟೆ ಕಳೆದ ಮೇಲೆ ತಲೆನೋವು, ವಾಂತಿ, ಕಣ್ಣು ಮಂಜು. ಮದ್ದಿದೆ, ಆದರೆ ಹೊತ್ತಿಗೆ ಸಿಗಬೇಕು. ತಡವಾದರೆ ದೃಷ್ಟಿಯೇ ಹೋಗಬಹುದು.

ಬೆಂಕಿಯ ವಿಷಯ ಇನ್ನೂ ಬೇರೆ. ಹಡಗಿನ ಮಾಮೂಲಿ ಎಣ್ಣೆಯ ಆವಿಗೆ ಕಿಡಿ ತಾಗಿ ಹೊತ್ತಿಕೊಳ್ಳಲು ಅದು 60 ಡಿಗ್ರಿಗಿಂತ ಹೆಚ್ಚು ಬಿಸಿಯಾಗಬೇಕು. ಮೆಥನಾಲ್‌ಗೆ 12 ಡಿಗ್ರಿಯ ಆಸುಪಾಸು ಸಾಕು. ಜ್ವಾಲೆ ತಿಳಿನೀಲಿ, ಹಗಲಿನಲ್ಲಿ ಕಾಣುವುದೇ ಇಲ್ಲ, ಹೊಗೆಯೂ ಇಲ್ಲ. ಅದಕ್ಕೇ ಶಾಖ ಗುರುತಿಸುವ ಕ್ಯಾಮರಾ ಬೇಕು. ನೀರು ಹಾಕಿದರೆ ಅದರಲ್ಲಿ ಬೆರೆತುಹೋಗುತ್ತದೆ, ಮುಕ್ಕಾಲು ಪಾಲು ನೀರಾದ ಮೇಲೂ ಉರಿಯಬಲ್ಲದು. ಸಾಮಾನ್ಯ ನೊರೆ ಅದರ ಮೇಲೆ ನಿಲ್ಲುವುದಿಲ್ಲ, ಆಲ್ಕೋಹಾಲ್ ತಾಳುವ ನೊರೆಯೇ ಆಗಬೇಕು.

ಅಪಾಯ ಹೆಚ್ಚಿರುವುದು ಇಂಧನ ತುಂಬುವ ಹೊತ್ತಿನಲ್ಲಿ, ಅದರಲ್ಲೂ ಹೋಸ್ ಜೋಡಿಸುವಾಗ ಮತ್ತು ಬಿಚ್ಚುವಾಗ. ಮೊದಲೇ ನೈಟ್ರೋಜನ್ ಬಿಟ್ಟು ಒಳಗಿನ ಗಾಳಿ ಹೊರಹಾಕಬೇಕು. ಮುಗಿದ ಮೇಲೆ ಉಳಿದದ್ದನ್ನು ಬಸಿದು, ಮತ್ತೆ ನೈಟ್ರೋಜನ್ ಹಾಯಿಸಿಯೇ ಬಿಚ್ಚಬೇಕು. ಹಡಗು ಸರಿದು ಹೋಸ್ ಎಳೆದರೆ ತಾನೇ ಕಳಚಿ ಮುಚ್ಚಿಕೊಳ್ಳುವ ಜೋಡಣೆ, ಎರಡೂ ಕಡೆಯಿಂದ ಪಂಪ್ ನಿಲ್ಲಿಸುವ ಗುಂಡಿ, ಹತ್ತಿರದಲ್ಲೇ ಕಣ್ಣು ತೊಳೆಯುವ ನೀರು ಇರಬೇಕು. ಆ ಜಾಗದಲ್ಲಿ ಮಾಮೂಲಿ ಮೊಬೈಲ್ ಕೂಡದು. ಬಟ್ಟೆ ಒದ್ದೆಯಾದರೆ ಅಲ್ಲೇ ಕಳಚಿ ಮೈ ತೊಳೆಯಬೇಕು, ಕ್ಯಾಬಿನ್‌ಗೆ ಹೋಗಿ ಬದಲಿಸುವಾ ಎಂದರೆ ಆಗದು.

ಇದಕ್ಕೆಲ್ಲ ಅಂತಾರಾಷ್ಟ್ರೀಯ ಕಡಲ ಸಂಸ್ಥೆ 2020ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಇಂಥ ಇಂಧನದ ಹಡಗುಗಳಿಗೆಂದೇ ಬೇಸಿಕ್ ಮತ್ತು ಅಡ್ವಾನ್ಸ್ಡ್ ತರಬೇತಿಗಳೂ ಇವೆ. ಆದರೆ ಕೋರ್ಸ್ ಎಂದರೆ ಸರ್ಟಿಫಿಕೇಟ್, ಸರ್ಟಿಫಿಕೇಟ್ ಎಂದರೆ ಫೈಲಿಗೊಂದು ಕಾಗದ ಎಂಬ ಭಾವನೆ ನಮ್ಮಲ್ಲೂ ಇದೆ, ಒಪ್ಪಿಕೊಳ್ಳೋಣ. ಹೊಸದಾಗಿ ಸೇರಿದ ಹುಡುಗನಿಗೆ ‘ಬೇಗ ಮುಗಿಸು’ ಎಂದು ಮೇಲಿನವರು ಹೇಳಿದಾಗ, ‘ಗ್ಲೌಸ್ ಸರಿಯಿಲ್ಲ, ನಾನು ಮುಟ್ಟುವುದಿಲ್ಲ’ ಎನ್ನುವ ಧೈರ್ಯ ಆ ಕಾಗದದಿಂದ ಬರುವುದಿಲ್ಲ. ಕೈಯಾರೆ ಮಾಡಿ ಕಲಿತವನಿಗೆ ಬರುತ್ತದೆ.

ಕೋರ್ಸಿಗೆ ಸೇರಿಸುವ ಮೊದಲು ಉಪ್ಪ-ಉಮ್ಮಂದಿರು ಏಜೆಂಟನ್ನು ಸಂಬಳದ ಜೊತೆ ಇದನ್ನೂ ಕೇಳಲಿ: ಬೆಂಕಿ ಆರಿಸುವುದನ್ನು ನಿಜವಾಗಿ ಮಾಡಿಸುತ್ತೀರಾ, ವಿಡಿಯೋ ತೋರಿಸಿ ಕಳಿಸುತ್ತೀರಾ? ಪ್ರತಿವರ್ಷ ವಿದ್ಯಾರ್ಥಿವೇತನ ಕೊಡುವ ನಮ್ಮ ಸಂಘಟನೆಗಳು ಈ ಬಾರಿ ಹಡಗು ಸೇರುವ ಹುಡುಗರ ಈ ತರಬೇತಿಯ ಶುಲ್ಕವನ್ನೂ ಪಟ್ಟಿಗೆ ಸೇರಿಸಲಿ.