ಕಟ್ಟಳೆ ಮಾಡುವವರಿಗೆ ಕಾನೂನಿಲ್ಲವೇ?



ಡೆನ್ಮಾರ್ಕ್ ದೇಶದ ರೈತರು ಮಿಂಕ್ ಅಂತ ಒಂದು ಪ್ರಾಣಿ ಸಾಕುತ್ತಿದ್ದರು. ಮುಂಗುಸಿಯಷ್ಟು ಗಾತ್ರ, ಅದರ ತುಪ್ಪಳದ ಚರ್ಮಕ್ಕೆ ಬೆಲೆ. ಸಾವಿರಕ್ಕೂ ಮೇಲ್ಪಟ್ಟು ಫಾರಂಗಳಿದ್ದವು. ಗೂಡಿನ ಅಳತೆಗೂ ಸರ್ಕಾರದ ಕಟ್ಟಳೆ. ಚರ್ಮ ಹರಾಜು ಹಾಕುತ್ತಿದ್ದುದು ರೈತರದೇ ಸಹಕಾರಿ ಸಂಸ್ಥೆ.

2020ರಲ್ಲಿ ಆ ಪ್ರಾಣಿಗಳಿಗೆ ಕೊರೋನಾ ತಗುಲಿ, ಅವುಗಳಿಂದ ಮನುಷ್ಯರಿಗೂ ದಾಟಿತು. ನವೆಂಬರ್ 4ರಂದು ಪ್ರಧಾನಿ, ಎಲ್ಲವನ್ನೂ ಕೊಲ್ಲಬೇಕು ಅಂದರು. ಸುಮಾರು ಒಂದೂವರೆ ಕೋಟಿ ಪ್ರಾಣಿ! ಆಮೇಲೆ ನೋಡಿದರೆ, ರೋಗವಿಲ್ಲದ ಪ್ರದೇಶದ ಫಾರಂ ಮುಟ್ಟಲು ಸರ್ಕಾರಕ್ಕೆ ಕಾನೂನಿನ ಅಧಿಕಾರವೇ ಇರಲಿಲ್ಲ. ಕೃಷಿ ಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಕಾನೂನು ಬಂದದ್ದು ಡಿಸೆಂಬರಿನಲ್ಲಿ, ಹೆಚ್ಚುಕಡಿಮೆ ಎಲ್ಲ ಪ್ರಾಣಿಗಳೂ ಮಣ್ಣು ಸೇರಿದ ಮೇಲೆ.

ರೋಗ ತಡೆಯಬೇಡಿ ಅಂತ ನಾವು ಹೇಳುವುದಿಲ್ಲ. ಚರ್ಮಕ್ಕಾಗಿ ಪ್ರಾಣಿಯನ್ನು ಗೂಡಿನಲ್ಲಿಡುವುದು ಸರಿಯೇ ಅನ್ನುವ ಪ್ರಶ್ನೆಯೂ ನ್ಯಾಯವಾದದ್ದೇ. ಇಂಗ್ಲೆಂಡಿನಲ್ಲಿ 2000ದಲ್ಲಿ ಈ ಕಸುಬನ್ನೇ ನಿಷೇಧಿಸಿದರು. ಆದರೆ ಅದೇ ಶಾಸನದಲ್ಲಿ ಪರಿಹಾರಕ್ಕೂ ದಾರಿ ಇಟ್ಟರು. ಡೆನ್ಮಾರ್ಕಿನಲ್ಲೂ 2021ರ ಜನವರಿಯಲ್ಲಿ ಸತ್ತ ಪ್ರಾಣಿಯ ಬೆಲೆಯ ಜೊತೆಗೆ, ಮುಂದಿನ ವರ್ಷಗಳಲ್ಲಿ ತಪ್ಪಿಹೋಗುವ ಆದಾಯಕ್ಕೂ ಲೆಕ್ಕ ಕಟ್ಟಲು ಒಪ್ಪಿದರು.

ನಮ್ಮಲ್ಲಿ? ಹಕ್ಕಿಜ್ವರ ಅಂತ ಕೋಳಿ ಕೊಲ್ಲಿಸಿದರೆ ತಲೆಗಿಷ್ಟು ಅಂತ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಶೆಡ್ಡು ಖಾಲಿಯಾಯಿತು ಅಂತ ಬ್ಯಾಂಕಿನ ಬಡ್ಡಿ ನಿಲ್ಲುತ್ತದೇನ್ರೀ? ಕಸುಬು ಮುಚ್ಚಿಸುವ ಆದೇಶದಲ್ಲೇ ರೈತನ ಸಾಲಕ್ಕೂ ಮುಂದಿನ ಬದುಕಿಗೂ ಪರಿಹಾರ ಬರೆದಿರಬೇಕು. ಅಧಿಕಾರಿ ನಿಮ್ಮ ಬಾಗಿಲಿಗೆ ಬಂದಾಗ ಮೊದಲು ಆ ಕಾಗದ ಕೇಳಿ. ಒಬ್ಬರೇ ಕೇಳಬೇಡಿ, ಊರೆಲ್ಲ ಸೇರಿ ಕೇಳಿ.