ಹಳೆಯ ಮುಷ್ಟಿಮಲ್ಲರೂ ಚಲಚ್ಚಿತ್ರದ ಸಾಕ್ಷ್ಯವೂ

ವಾಚಕರೊಬ್ಬರ ಕಾಗದವು ನಮ್ಮ ಮುಂದಿದೆ. ಅವರ ಮನೆಯ ಹುಡುಗರು ನೂರು ವರ್ಷಗಳ ಹಿಂದಿನ ಮುಷ್ಟಿಕಾಳಗದ ಚಿತ್ರಗಳನ್ನು ನೋಡಿ ಹೊಟ್ಟೆ ಹುಣ್ಣಾಗುವಂತೆ ನಗುವರಂತೆ. “ಇವರೇನು ಜಗಜಟ್ಟಿಗಳು! ಸೂತ್ರದ ಗೊಂಬೆಗಳಂತೆ ಕುಣಿಯುತ್ತಾರೆ, ಹೊಡೆಯುವುದಕ್ಕಿಂತ ತಬ್ಬಿಕೊಳ್ಳುವುದೇ ಹೆಚ್ಚು” ಎಂಬುದು ಹುಡುಗರ ತೀರ್ಪು. ಹಿರಿಯರಾದ ಪತ್ರಲೇಖಕರಿಗೆ ಈ ತೀರ್ಪು ಒಪ್ಪಿಗೆಯಿಲ್ಲ. ಉತ್ತರ ಕೊಡಲೂ ತೋಚಿಲ್ಲ. ಜ್ಯಾಕ್ ಜಾನ್‌ಸನ್, ಜೆಫ್ರೀಸ್, ಡೆಂಪ್ಸಿ ಮೊದಲಾದ ಭಾರೀ ತೂಕದ ಮಲ್ಲರಿಗೆ ನಿಜವಾಗಿಯೂ ವಿದ್ಯೆಯಿತ್ತೇ, ಅಥವಾ ಬರಿಯ ಮೈಬಲವೇ ಎಂದು ಅವರು ಕೇಳಿರುವರು.

ಸತ್ತವರು ತಮ್ಮ ಪರವಾಗಿ ವಾದಿಸಲಾರರು. ಅವರ ಪರವಾಗಿ ಉಳಿದಿರುವ ಸಾಕ್ಷಿ ಈ ಚಿತ್ರವೊಂದೇ. ಆ ಸಾಕ್ಷಿಯೂ ತೊದಲುವ ಸಾಕ್ಷಿ. ಅದರ ಮಾತನ್ನು ತಿಳಿಯಬೇಕಾದರೆ ಮೊದಲು ಅದರ ತೊದಲು ಎಂತಹುದೆಂಬುದನ್ನು ಅರಿಯಬೇಕು.

ಆ ಕಾಲದಲ್ಲಿ ಕ್ಯಾಮರಾವನ್ನು ಕೈಯಿಂದ ತಿರುಗಿಸುತ್ತಿದ್ದರು. ಸೆಕೆಂಡಿಗೆ ಸುಮಾರು ೧೬ ಚಿತ್ರಗಳು ಬೀಳುತ್ತಿದ್ದುವು. ತಿರುಗಿಸುವವನ ಕೈ ಸೋತರೆ ಇನ್ನೂ ಕಡಮೆ. ಮಾತನಾಡುವ ಚಿತ್ರಗಳು ಬಂದಮೇಲೆ ಸೆಕೆಂಡಿಗೆ ೨೪ ಎಂಬ ಲೆಕ್ಕವು ನಿಂತಿತು. ಹಳೆಯ ಸುರುಳಿಯನ್ನು ಹೊಸ ವೇಗದಲ್ಲಿ ಓಡಿಸಿದರೆ ಮನುಷ್ಯನು ಒಂದೂವರೆ ಪಾಲು ಬೇಗ ಚಲಿಸುವನು. ಗಂಭೀರವಾಗಿ ಹೆಜ್ಜೆಯಿಟ್ಟವನು ಕೋಳಿಯಂತೆ ಕುಪ್ಪಳಿಸುವನು. ಹುಡುಗರು ನಕ್ಕದ್ದು ಈ ಕುಪ್ಪಳಿಕೆಗೆ. ಅದು ಮಲ್ಲನದಲ್ಲ, ಯಂತ್ರದ್ದು.

ವೇಗವನ್ನು ಸರಿಪಡಿಸಿದರೂ ಒಂದು ನಷ್ಟವು ಉಳಿಯುತ್ತದೆ. ಚುರುಕಾದ ಎಡಗೈಯ ನೇರ ಗುದ್ದು ಹೊರಟು ಮುಟ್ಟುವುದಕ್ಕೆ ಸೆಕೆಂಡಿನ ಐದನೆಯ ಒಂದು ಪಾಲು ಸಾಕು. ೧೬ರ ಲೆಕ್ಕದಲ್ಲಿ ಅದಕ್ಕೆ ದೊರೆಯುವುದು ಮೂರು ಚಿತ್ರ: ಕೈ ಇಲ್ಲಿದೆ, ಕೈ ನಡುವೆ ಇದೆ, ಕೈ ಮುಟ್ಟಿದೆ. ಎದುರಾಳಿಯನ್ನು ಮೋಸಗೊಳಿಸಲು ಭುಜವನ್ನು ಒಂದಿಷ್ಟು ಅಲುಗಿಸಿ ಬಿಡುವ ಹುಸಿ ಹೊಡೆತವು ಇನ್ನೂ ಚಿಕ್ಕದು. ಅದು ಎರಡು ಚಿತ್ರಗಳ ನಡುವಣ ಕತ್ತಲೆಯಲ್ಲಿಯೇ ಮುಗಿದುಹೋಗಿರಬಹುದು. ವಿದ್ಯೆಯ ಅತಿ ಸೂಕ್ಷ್ಮವಾದ ಭಾಗವು ಯಾವುದೋ, ಅದೇ ಮೊದಲು ಕಳೆದುಹೋಗುವುದು. ಒರಟಾದ ಭಾಗವು ಚೆನ್ನಾಗಿ ಉಳಿಯುವುದು. ಇದಕ್ಕಿಂತ ಅನ್ಯಾಯದ ಜರಡಿ ಬೇರೊಂದಿಲ್ಲ.

ಇನ್ನು ಆ ಕಾಲದ ಕಟ್ಟಳೆಗಳು. ಇಂದು ಪಂದ್ಯವು ಹೆಚ್ಚೆಂದರೆ ೧೨ ಸುತ್ತು. ೧೮೯೯ರಲ್ಲಿ ಕೋನಿ ದ್ವೀಪದಲ್ಲಿ ಜೆಫ್ರೀಸನೂ ಶಾರ್ಕಿಯೂ ಚಿತ್ರಕ್ಕಾಗಿ ತೂಗುಹಾಕಿದ್ದ ಸುಮಾರು ೪೦೦ ಆರ್ಕ್ ದೀಪಗಳ ಬೇಗೆಯಲ್ಲಿ ೨೫ ಸುತ್ತು ಕಾದಿದರು. ೧೯೧೦ರ ರೀನೋ ಪಂದ್ಯಕ್ಕೆ ಗೊತ್ತುಮಾಡಿದ್ದುದು ೪೫ ಸುತ್ತು. ಅಷ್ಟು ದೂರ ನಡೆಯಬೇಕಾದವನು ಮೊದಲ ಮೈಲಿಯಲ್ಲಿಯೇ ಓಡುವನೇ? ಕೈಗವಸುಗಳೂ ಇಂದಿನ ೧೦ ಔನ್ಸಿನ ದಿಂಬುಗಳಲ್ಲ. ಸುಮಾರು ಅದರ ಅರ್ಧ ತೂಕದವು. ದಿಂಬಿನ ಹಿಂದೆ ಮುಖವನ್ನು ಮರೆಮಾಡಿಕೊಳ್ಳಬಹುದು, ಅಂಗೈಯಗಲದ ಚರ್ಮದ ಹಿಂದೆ ಸಾಧ್ಯವಿಲ್ಲ. ಆದುದರಿಂದಲೇ ಅವರು ತಲೆಯನ್ನು ಹಿಂದಕ್ಕೆ ವಾಲಿಸಿ, ಕೈಗಳನ್ನು ತಗ್ಗಾಗಿ ಮುಂದಕ್ಕೆ ಚಾಚಿ ನಿಲ್ಲುತ್ತಿದ್ದರು. ನಮ್ಮ ಕಣ್ಣಿಗೆ ವಿಕಾರವಾಗಿ ಕಾಣುವ ಆ ನಿಲುವಿಗೆ ಕಾರಣವಿತ್ತು: ಹೊಡೆತವನ್ನು ಗವಸಿನಿಂದ ತಡೆಯುವಂತಿರಲಿಲ್ಲ, ದೂರದಿಂದ ತಪ್ಪಿಸಬೇಕಾಗಿತ್ತು, ಇಲ್ಲವೇ ಹೊರಡುವಾಗಲೇ ಹಿಡಿಯಬೇಕಾಗಿತ್ತು. ತಬ್ಬಿಕೊಂಡವರನ್ನು ಇಂದು ರೆಫರಿಯು ಕೂಡಲೇ ಬಿಡಿಸುವನು. ಅಂದು ತಬ್ಬುಗೆಯೂ ಕಾಳಗದ ಒಂದು ಅಂಗವಾಗಿತ್ತು.

ಜಾನ್‌ಸನ್ನನ ಹೆಚ್ಚಳವು ಇದ್ದುದೇ ಅಲ್ಲಿ. ೧೯೦೮ನೆಯ ಡಿಸೆಂಬರ್ ೨೬ರಂದು ಆಸ್ಟ್ರೇಲಿಯದ ಸಿಡ್ನಿ ನಗರದಲ್ಲಿ ಅವನು ಟಾಮಿ ಬರ್ನ್ಸನನ್ನು ಎದುರಿಸಿದ ಚಿತ್ರದ ತುಣುಕುಗಳು ಉಳಿದಿವೆ. ಸುಮ್ಮನೆ ನೋಡುವವರಿಗೆ ಒಬ್ಬ ಎತ್ತರದ ಕರಿಯನು ಒಬ್ಬ ಗಿಡ್ಡ ಬಿಳಿಯನನ್ನು ಹಿಡಿದುಕೊಂಡು ನಗುನಗುತ್ತ ನಿಂತಿರುವಂತೆ ಕಾಣುವುದು. ಜಾನ್‌ಸನ್ನನ ಕೈಗಳನ್ನು ಮಾತ್ರ ಐದು ನಿಮಿಷ ನೋಡಿರಿ. ಬರ್ನ್ಸನು ಹೊಡೆಯಲು ತೋಳೆತ್ತುವಷ್ಟರಲ್ಲಿ ಜಾನ್‌ಸನ್ನನ ಅಂಗೈ ಆ ತೋಳಿನ ರಟ್ಟೆಯ ಮೇಲೆ ಇರುತ್ತದೆ. ಗುದ್ದು ಹುಟ್ಟುವುದಕ್ಕೆ ಮೊದಲೇ ಸಾಯುತ್ತದೆ. ಬಳಿಕ ಅದೇ ಕೈ ಬಿಡುವಾಗಿ, ಕೆಳಗಿನಿಂದ ಗದ್ದಕ್ಕೆ ಏರುತ್ತದೆ. ಅವನು ಹಿಡಿದುಕೊಂಡು ನಿಂತದ್ದು ಸೋಮಾರಿತನದಿಂದಲ್ಲ. ಎದುರಾಳಿಯ ಎರಡು ತೋಳುಗಳನ್ನೂ ಹಗ್ಗವಿಲ್ಲದೆ ಕಟ್ಟಿಹಾಕಿದ್ದನು. ನಮ್ಮ ಗರಡಿಗಳ ಉಸ್ತಾದರು ಈ ಚಿತ್ರವನ್ನು ನೋಡಿದರೆ ಪತ್ರಿಕೆಯವರಿಗಿಂತ ಬೇಗ ಇದನ್ನು ಗುರುತಿಸುವರೆಂದು ನಮ್ಮ ನಂಬಿಕೆ.

ಹದಿನಾಲ್ಕನೆಯ ಸುತ್ತಿನಲ್ಲಿ ಪೊಲೀಸರು ನಡುವೆ ಬಂದು ಕಾಳಗವನ್ನು ನಿಲ್ಲಿಸಿದರು, ಕ್ಯಾಮರಾಗಳನ್ನೂ ನಿಲ್ಲಿಸಿದರು. ಕರಿಯನು ಜಗಜಟ್ಟಿಯಾದ ಆ ಕ್ಷಣವು ಚಿತ್ರದಲ್ಲಿಲ್ಲ. ೧೯೧೦ನೆಯ ಜುಲೈ ೪ರಂದು, ಐದು ವರ್ಷಗಳ ನಿವೃತ್ತಿಯಿಂದ ಎಬ್ಬಿಸಿ ತಂದ ಜೆಫ್ರೀಸನನ್ನು ಜಾನ್‌ಸನ್ನನು ಹದಿನೈದನೆಯ ಸುತ್ತಿನಲ್ಲಿ ಕೆಡಹಿದ ಮೇಲೆ ಅಮೇರಿಕದ ಹಲವು ಊರುಗಳಲ್ಲಿ ಗಲಭೆಗಳಾಗಿ ಪ್ರಾಣಗಳು ಹೋದುವು. ಅನೇಕ ಕಡೆಗಳಲ್ಲಿ ಆ ಚಿತ್ರವನ್ನು ತೋರಿಸಗೊಡಲಿಲ್ಲ. ೧೯೧೨ರಲ್ಲಿ, ಮುಷ್ಟಿಕಾಳಗದ ಚಿತ್ರಗಳನ್ನು ಒಂದು ಸಂಸ್ಥಾನದಿಂದ ಮತ್ತೊಂದಕ್ಕೆ ಸಾಗಿಸಕೂಡದೆಂದು ಅಮೇರಿಕದ ಶಾಸನಸಭೆಯು ಕಾನೂನು ಮಾಡಿತು. ಅದು ರದ್ದಾದುದು ೧೯೪೦ರಲ್ಲಿ. ಹೀಗೆ ಮರೆಯಲ್ಲಿದ್ದ ಸಾಕ್ಷ್ಯವನ್ನು ನೋಡದೆಯೇ ಎಷ್ಟೋ ಜನರು ಜಾನ್‌ಸನ್ನನನ್ನು ಹೇಡಿಯೆಂದೂ ಮೈಗಳ್ಳನೆಂದೂ ಜರೆದರು. ಇಂದು ಚಿತ್ರವು ಮನೆಮನೆಗೂ ಬಂದಿರುವಾಗ, ನೋಡಿಯೂ ಹಾಗೆಯೇ ಅಂದರೆ ಯಾರನ್ನು ದೂರೋಣ?

ಚಿತ್ರವು ಕಾಳಗವನ್ನು ಕೇವಲ ಹಿಡಿದಿಟ್ಟಿತೆಂದೂ ತಿಳಿಯಬಾರದು, ಬದಲಾಯಿಸಿತು ಕೂಡ. ಪ್ರದರ್ಶನದಿಂದ ಬರುವ ಹಣಕ್ಕೆ ಸುರುಳಿಯು ಉದ್ದವಾಗಿರಬೇಕಾಗಿತ್ತು. ೧೯೦೯ರಲ್ಲಿ ತನಗಿಂತ ಬಹಳ ಹಗುರನಾದ ಕೆಚೆಲ್ಲನೊಡನೆ ಜಾನ್‌ಸನ್ನನು ಬೇಕೆಂದೇ ಕಾಲ ಕಳೆದನೆಂಬ ಮಾತು ಅಂದಿನಿಂದಲೂ ಇದೆ. ಹನ್ನೆರಡನೆಯ ಸುತ್ತಿನಲ್ಲಿ ಕೆಚೆಲ್ಲನ ಗುದ್ದಿಗೆ ಜಾನ್‌ಸನ್ನನು ಕೆಳಕ್ಕೆ ಬಿದ್ದನು. ಎದ್ದವನೇ ಒಂದು ಕ್ಷಣದಲ್ಲಿ ಕೆಚೆಲ್ಲನನ್ನು ನೆಲಕ್ಕೆ ಮಲಗಿಸಿದನು. ಅದಕ್ಕೆ ಹಿಂದಿನ ಹನ್ನೊಂದು ಸುತ್ತುಗಳನ್ನು ನೋಡಿ ಅವನ ವಿದ್ಯೆಗೆ ಬೆಲೆ ಕಟ್ಟುವುದು, ಸಂಗೀತಗಾರನು ಶ್ರುತಿ ಮಾಡಿಕೊಳ್ಳುವುದನ್ನು ಕೇಳಿ ಕಚೇರಿಯ ವಿಮರ್ಶೆ ಬರೆದಂತೆ.

ಹಾಗೆಂದು ಹಳಬರೆಲ್ಲರೂ ಮಹಾವಿದ್ವಾಂಸರೆಂದು ಹೇಳಲು ನಾವು ಸಿದ್ಧರಿಲ್ಲ. ೧೯೧೫ರಲ್ಲಿ ಹವಾನಾದಲ್ಲಿ ಜಾನ್‌ಸನ್ನನನ್ನು ೨೬ನೆಯ ಸುತ್ತಿನಲ್ಲಿ ಗೆದ್ದ ಜೆಸ್ ವಿಲ್ಲರ್ಡನು ಎತ್ತರ, ತಾಳ್ಮೆ, ನೀಳವಾದ ಎಡಗೈ ಇವುಗಳಿಂದ ಗೆದ್ದನು. ಚಿತ್ರದಲ್ಲಿ ಎಷ್ಟು ಹುಡುಕಿದರೂ ಅವನ ಪಾದಗಳಲ್ಲಿ ಜಾಣತನ ಕಾಣುವುದಿಲ್ಲ. ೧೯೧೯ರಲ್ಲಿ ಡೆಂಪ್ಸಿಯು ಅವನನ್ನು ಮೊದಲನೆಯ ಸುತ್ತಿನಲ್ಲಿಯೇ ಏಳು ಸಲ ಕೆಡಹಿದನು. ಬಿದ್ದವನ ಪಕ್ಕದಲ್ಲಿಯೇ ನಿಂತು, ಏಳುತ್ತಲೇ ಹೊಡೆಯುವ ಡೆಂಪ್ಸಿಯನ್ನು ಕಂಡು ಇಂದಿನವರು ಛೀ ಎನ್ನುವರು. ಆದರೆ ದೂರದ ಮೂಲೆಗೆ ಹೋಗಿ ನಿಲ್ಲಬೇಕೆಂಬ ಕಟ್ಟಳೆಯು ಅಂದು ಇರಲಿಲ್ಲ. ೧೯೨೭ರಲ್ಲಿ ಷಿಕಾಗೋದಲ್ಲಿ ಟನಿಯನ್ನು ಕೆಡಹಿದಾಗ ಆ ಕಟ್ಟಳೆಯಿತ್ತು. ಹಳೆಯ ಅಭ್ಯಾಸದ ಡೆಂಪ್ಸಿಯು ಮೂಲೆಗೆ ಹೋಗಲು ತಡಮಾಡಿದನು. ಎಣಿಕೆಯು ತಡವಾಗಿ ಆರಂಭವಾಯಿತು. ಟನಿಯು ‘ಒಂಬತ್ತು’ ಎಂಬುದಕ್ಕೆ ಎದ್ದನು. ಚಿತ್ರವನ್ನು ಅಳೆದರೆ ಸುಮಾರು ೧೪ ಸೆಕೆಂಡು. ಟನಿಗೆ ಹತ್ತರೊಳಗೆ ಏಳುವ ಶಕ್ತಿಯಿತ್ತೇ ಎಂಬುದನ್ನು ಮಾತ್ರ ಯಾವ ಚಿತ್ರವೂ ಹೇಳದು.

ಹಾಗಾದರೆ ಚಿತ್ರದಿಂದ ವಿದ್ಯೆಯನ್ನು ತಿಳಿಯುವುದೇ ಅಸಾಧ್ಯವೋ? ಅಲ್ಲ. ಮೊದಲು ವೇಗವನ್ನು ತಗ್ಗಿಸಿ ನೋಡಬೇಕು. ಮುಖವನ್ನು ಬಿಟ್ಟು ಪಾದಗಳನ್ನು ನೋಡಬೇಕು. ಹೊಡೆಯುವವನಿಗಿಂತ ಹೊಡೆಸಿಕೊಳ್ಳದವನನ್ನು ಹೆಚ್ಚಾಗಿ ನೋಡಬೇಕು. ಇಂತಹ ಕಣ್ಣುಳ್ಳವನೊಬ್ಬನು ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗ್. ೧೯೩೬ರಲ್ಲಿ ಜೋ ಲೂಯಿಯನ್ನು ಸೋಲಿಸುವವರೇ ಇಲ್ಲವೆಂದು ಲೋಕವೆಲ್ಲ ನಂಬಿದ್ದಾಗ ಷ್ಮೆಲಿಂಗನು ಅವನ ಪಂದ್ಯಗಳ ಚಿತ್ರಗಳನ್ನು ಮತ್ತೆ ಮತ್ತೆ ನೋಡಿದನು. ಎಡಗೈಯ ಗುದ್ದನ್ನು ಬಿಟ್ಟ ಮೇಲೆ ಲೂಯಿಯು ಆ ಕೈಯನ್ನು ಒಂದಿಷ್ಟು ತಗ್ಗಿಸುವುದು ಅವನ ಕಣ್ಣಿಗೆ ಬಿತ್ತು. ಜೂನ್ ೧೯ರ ರಾತ್ರಿ ಆ ಸಂದಿನಲ್ಲಿಯೇ ಬಲಗೈಯನ್ನು ನುಗ್ಗಿಸಿ ನುಗ್ಗಿಸಿ ಹನ್ನೆರಡನೆಯ ಸುತ್ತಿನಲ್ಲಿ ಲೂಯಿಯನ್ನು ಉರುಳಿಸಿದನು. ಎರಡು ವರ್ಷಗಳ ತರುವಾಯ, ೧೯೩೮ನೆಯ ಜೂನ್ ೨೨ರಂದು, ಅದೇ ಷ್ಮೆಲಿಂಗನು ಅದೇ ಲೂಯಿಯ ಮುಂದೆ ನಿಂತನು. ಈ ಸಲ ಷ್ಮೆಲಿಂಗನಿಗೆ ಹುಡುಕಿಕೊಳ್ಳಲು ಸಮಯವೇ ದೊರೆಯಲಿಲ್ಲ. ಕಾಳಗವು ೧೨೪ ಸೆಕೆಂಡಿನಲ್ಲಿ ಮುಗಿಯಿತು.