ರಾಜೀನಾಮೆ ಬರೆಯಬೇಡಿ, ಲೆಕ್ಕ ಕೇಳಿ

ನಮ್ಮ ಊರುಗಳ ಎಷ್ಟೋ ಮನೆಗಳು ಇವತ್ತು ನಡೆಯುತ್ತಿರುವುದು ಗಾರ್ಮೆಂಟ್ಸ್ ಸಂಬಳದಿಂದ. ಮಳೆ ಕೈಕೊಟ್ಟ ವರ್ಷವೂ ಸಂಘದ ಸಾಲದ ಕಂತು ನಿಲ್ಲದಿರುವುದು ಬೆಳಗ್ಗೆ ವ್ಯಾನ್ ಹತ್ತಿ ಹೋಗುವ ನಮ್ಮ ಹೆಣ್ಣುಮಕ್ಕಳಿಂದ. ಅಂಥ ಫ್ಯಾಕ್ಟರಿ 'ಆರ್ಡರ್ ಇಲ್ಲ' ಎಂದು ಬಾಗಿಲು ಹಾಕಿದರೆ ಸುತ್ತಲಿನ ಹತ್ತಾರು ಊರಿಗೆ ಏಟು ಬೀಳುತ್ತದೆ.

2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದಲ್ಲಿ ಆದದ್ದು ಇದೇ. ಅಲ್ಲಿನ ಒಂದು ಗಾರ್ಮೆಂಟ್ಸ್ ಕಾರ್ಖಾನೆ ಸಾವಿರಕ್ಕೂ ಹೆಚ್ಚು ಜನರಿಗೆ ಕೆಲಸ ಇಲ್ಲ ಎಂದಿತು. 100 ಅಥವಾ ಹೆಚ್ಚು ಜನರಿರುವ ಕಾರ್ಖಾನೆ ಹಾಗೆ ಮಾಡಲು ಸರ್ಕಾರದ ಅನುಮತಿ ಬೇಕು ಎಂಬ ಕಾನೂನು ಆಗ ಇತ್ತು. ಅದನ್ನೇ ಹಿಡಿದು ಹೆಂಗಸರು ಗೇಟಿನ ಮುಂದೆ ಕೂತು ಹೋರಾಡಿದರು.

ಈಗ ಆ ಬೇಲಿ ಸಡಿಲವಾಗಿದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ 100 ಹೋಗಿ 300 ಆಗಿದೆ. ಅನುಮತಿ ಕೇಳಿದ ಅರ್ಜಿಗೆ ಸರ್ಕಾರ 60 ದಿನದಲ್ಲಿ ಉತ್ತರಿಸದಿದ್ದರೆ ಅನುಮತಿ ಸಿಕ್ಕಂತೆಯೇ ಲೆಕ್ಕ.

ಆದರೂ ಮಾಲೀಕರ ಮೇಲೆ ಹೊಣೆ ಉಳಿದಿದೆ. ಒಂದು ವರ್ಷ ಸತತ ದುಡಿದವರನ್ನು ತೆಗೆಯಬೇಕಾದರೆ ಒಂದು ತಿಂಗಳ ನೋಟಿಸ್ ಇಲ್ಲವೇ ಆ ತಿಂಗಳ ಸಂಬಳ ಕೊಡಬೇಕು. 300 ಜನರಿರುವ ಕಡೆ ಇದು ಮೂರು ತಿಂಗಳು. ದುಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಪರಿಹಾರ ಕೊಡಬೇಕು. ಹೊಸ ಕೆಲಸ ಕಲಿಯುವ ನಿಧಿಗೆಂದು ಇನ್ನೂ 15 ದಿನದ ಸಂಬಳ ಕಟ್ಟಬೇಕು, ಅದು ಕೆಲಸ ಹೋದವರ ಖಾತೆಗೆ ಬರಬೇಕು.

ತಿಂಗಳಿಗೆ 12,000 ರೂಪಾಯಿಯಂತೆ ಎಂಟು ವರ್ಷ ದುಡಿದವರ ಲೆಕ್ಕ ನೋಡಿ. ಪರಿಹಾರ 48,000, ನೋಟಿಸಿನ ಸಂಬಳ 12,000, ನಿಧಿಯಿಂದ 6,000. ಒಟ್ಟು ಸುಮಾರು 66,000 ರೂಪಾಯಿ. ಗ್ರಾಚ್ಯುಟಿ, ಪಿಎಫ್ ಇದರಲ್ಲಿ ಸೇರಿಲ್ಲ.

ಈ ದುಡ್ಡು ಉಳಿಸಿಕೊಳ್ಳಲು ಸುಲಭದ ದಾರಿಯೆಂದರೆ ನಿಮ್ಮ ಕೈಯಲ್ಲೇ ರಾಜೀನಾಮೆ ಬರೆಸುವುದು. 'ಸಹಿ ಹಾಕಿದರೆ ಪಿಎಫ್ ಬೇಗ ಬರುತ್ತೆ' ಎನ್ನುತ್ತಾರೆ. ಸಹಿ ಬಿದ್ದ ಮೇಲೆ, ಅವರು ನಿಮ್ಮನ್ನು ತೆಗೆದದ್ದಲ್ಲ, ನೀವೇ ಬಿಟ್ಟು ಹೋದದ್ದು. ಗ್ರಾಚ್ಯುಟಿ, ಪಿಎಫ್ ಹೇಗೂ ನಿಮ್ಮದೇ. ಹೋಗುವುದು ಆ 66,000.

ಸರ್ಕಾರದ ನೆರವೂ ಇದೆ. ಇಎಸ್‌ಐ ಇರುವವರಿಗೆ ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆಯಲ್ಲಿ ಕೆಲಸ ಹೋದಾಗ ಅರ್ಧ ಸಂಬಳದಂತೆ 90 ದಿನದವರೆಗೆ ಸಿಗುತ್ತದೆ, ಜೀವನದಲ್ಲಿ ಒಮ್ಮೆ. ಆದರೆ ಸ್ವಯಂ ನಿವೃತ್ತಿ ಪಡೆದವರಿಗೆ ಅದಿಲ್ಲ. ಅಲ್ಲೂ ಕಾಗದವೇ ಅಡ್ಡ.

ಅದಕ್ಕೇ ನಾವು ಕೇಳುವುದು ಒಂದೇ. ಒಂದು ಕಾರ್ಖಾನೆಯಿಂದ ಒಂದೇ ವಾರದಲ್ಲಿ ಐವತ್ತು, ನೂರು ರಾಜೀನಾಮೆ ಬಂದರೆ ಅದನ್ನು ಕಾರ್ಮಿಕ ಇಲಾಖೆ ಸಾಮೂಹಿಕವಾಗಿ ಕೆಲಸದಿಂದ ತೆಗೆದದ್ದೆಂದೇ ನೋಡಬೇಕು. ಅಧಿಕಾರಿ ಗೇಟಿಗೆ ಬಂದು, ಒಬ್ಬೊಬ್ಬರನ್ನೂ ಕೇಳಿದ ಮೇಲೆಯೇ ಆ ಸಹಿಗೆ ಬೆಲೆ ಇರಬೇಕು. ನೂರು ಜನಕ್ಕೆ ಒಂದೇ ದಿನ ಕೆಲಸ ಬೇಡವಾಗುತ್ತದೆಯೇ?

ಅಲ್ಲಿಯವರೆಗೆ, ಅಕ್ಕಂದಿರೇ, ಓದದ ಕಾಗದಕ್ಕೆ ಸಹಿ ಹಾಕಬೇಡಿ. ಮೊಬೈಲಿನಲ್ಲಿ ಅದರ ಫೋಟೊ ತೆಗೆದುಕೊಳ್ಳಿ. ಸಂಬಳದ ಚೀಟಿ, ಐಡಿ ಕಾರ್ಡ್ ಜೋಪಾನ ಮಾಡಿ. ಒಬ್ಬೊಬ್ಬರೇ ಹೋಗದೆ, ನಾಲ್ಕು ಜನ ಸೇರಿ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ ಅರ್ಜಿ ಕೊಡಿ, ಅದಕ್ಕೆ ಸ್ವೀಕೃತಿ ಪಡೆಯಿರಿ.